ಎಂಜಿನ್ ಕೆಳಗಿನ ಮಣ್ಣು

ಫೆಬ್ರವರಿ ೯, ಭಾನುವಾರ

ಬೆಳಿಗ್ಗೆ ಸ್ಯಾಂಕಿ ಕೆರೆಯ ಸುತ್ತ ವಾಕಿಂಗ್ ಮುಗಿಸಿ ಮನೆಗೆ ಬಂದರೆ ಅಂಗಳದಲ್ಲಿ ಯಾವನೋ ಒಬ್ಬ ಟೇಪು ಹಿಡಿದು ಪ್ರಿಯಂವದೆಯ ಮೋಟಾರ್‌ಸೈಕಲ್ಲಿನ ಉದ್ದಗಲ ಅಳೆಯುತ್ತಿದ್ದ. ಅಂತೂ ಮಾರುತ್ತಿದ್ದಾಳೆ ಎಂದುಕೊಂಡೆ. ಸುಳ್ಳು ಯಾಕೆ ಬರೆಯಲಿ, ಒಳಗೊಳಗೇ ಹಿಗ್ಗಿದೆ. ಕೆಲಸದಿಂದ ಸ್ವಯಂನಿವೃತ್ತಿ ತೆಗೆದುಕೊಂಡ ವರ್ಷ ಅವಳು ಕೊಂಡ ಆ ದರಿದ್ರ ಗಾಡಿ ಅಂದಿನಿಂದ ನಮ್ಮ ತುಳಸಿಕಟ್ಟೆಯ ಪಕ್ಕ ಕೋಣನ ಹಾಗೆ ನಿಂತಿದೆ.

"ಏನಪ್ಪಾ, ಎಷ್ಟಕ್ಕೆ ತಗೊಳ್ತಿದೀಯ?" ಎಂದು ಕೇಳಿದೆ.

ಅವನು ಟೇಪು ಸುತ್ತುತ್ತ, "ನಾನ್ ತಗೊಳ್ತಿಲ್ಲ ಸರ್. ಇದಕ್ಕೆ ಮರದ ಪೆಟ್ಟಿಗೆ ಮಾಡ್ಬೇಕಲ್ಲ, ಅಳತೆಗೆ ಬಂದೆ. ಮೇಡಂ ಗಾಡಿ ಆಸ್ಟ್ರೇಲಿಯಾಕ್ಕೆ ಹೋಗ್ತಿದೆಯಲ್ಲ!" ಎಂದ.

ಅವನ ಹೆಸರು ಈಶ್ವರ್. ಚಾಮರಾಜಪೇಟೆಯಲ್ಲಿ ಪೆಟ್ಟಿಗೆ ಮಾಡುವ ಶೆಡ್ ಇಟ್ಟಿದ್ದಾನೆ. ನನ್ನ ಹೆಂಡತಿಯ ಗಾಡಿ ದೇಶ ಬಿಡುವ ಸುದ್ದಿ ಚಾಮರಾಜಪೇಟೆಗೆ ಗೊತ್ತು, ಮಲ್ಲೇಶ್ವರದ ಈ ಮನೆಯ ಯಜಮಾನನಿಗೆ ಗೊತ್ತಿಲ್ಲ.

ಒಳಗೆ ಹೋದೆ. ಅವಳು ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದಳು.

"ಗಾಡಿ ಒಂದೇ ಹೋಗುತ್ತೋ, ನೀನೂ ಹೋಗ್ತೀಯೋ?"

"ಗಾಡಿ ಹಡಗಲ್ಲಿ, ನಾನು ವಿಮಾನದಲ್ಲಿ. ಏಪ್ರಿಲ್ ಕೊನೆಗೆ."

"ಯಾರ ಜೊತೆ?"

"ಒಬ್ಬಳೇ."

ಪಶ್ಚಿಮದ ಪರ್ತ್ ನಗರದಿಂದ ಹೊರಟು, ಒಳನಾಡಿನ ಮಣ್ಣು ರಸ್ತೆಯಲ್ಲಿ ಮರುಭೂಮಿ ದಾಟಿ, ದೇಶದ ನಟ್ಟನಡುವಿನವರೆಗೆ ಹೋಗುತ್ತಾಳಂತೆ. ಇನ್ನೂರು ಮುನ್ನೂರು ಕಿಲೋಮೀಟರಿಗೆ ಒಂದು ಪೆಟ್ರೋಲ್ ಬಂಕು, ನಡುವೆ ಮನುಷ್ಯರಿಲ್ಲ. ತರಕಾರಿ ತರಲು ಎಂಟನೇ ಕ್ರಾಸಿಗೆ ಹೋಗಿಬರುತ್ತೇನೆ ಎನ್ನುವ ಧಾಟಿಯಲ್ಲೇ ಇದನ್ನೆಲ್ಲ ಹೇಳಿದಳು.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬೇಡ ಅಂತಿದ್ರಿ. ಬೇಡ ಅಂದ್ರೂ ಹೋಗ್ತಿದ್ದೆ. ಇಬ್ಬರಿಗೂ ಸುಮ್ನೆ ಯಾಕೆ ಕೆಲಸ ಅಂತ."

ಚಟ್ನಿ ಮುಟ್ಟದೆ ಎದ್ದೆ.

ಫೆಬ್ರವರಿ ೧೦

ಮಾತು ಬಿಟ್ಟಿದ್ದೇನೆ. ಕಾಫಿ ಮೇಜಿನ ಮೇಲೆ ಬಂತು, ಕುಡಿದೆ. ನಾನು ಮಾತು ಬಿಟ್ಟದ್ದನ್ನು ಅವಳು ಗಮನಿಸಿದ ಹಾಗೆ ಕಾಣಲಿಲ್ಲ.

ಫೆಬ್ರವರಿ ೧೩

ಶೀನಣ್ಣನಿಗೆ ಸುದ್ದಿ ಮುಟ್ಟಿದೆ. ನಮ್ಮ ರಸ್ತೆಯ ಕೊನೆಯ ಮನೆಯವನು, ಮೂವತ್ತು ವರ್ಷದ ಸ್ನೇಹಿತ, ದಿನವೂ ನನ್ನ ಜೊತೆ ಕೆರೆ ಸುತ್ತುವವನು. ಕಲ್ಲುಬೆಂಚಿನ ಮೇಲೆ ಎಲ್ಲರೂ ಕೂತಿದ್ದಾಗ ಗಟ್ಟಿಯಾಗಿ ಶುರು ಮಾಡಿದ.

"ಬದರಿ, ನಿಮ್ಮನೆಯೋರು ಮೋಟಾರ್‌ಸೈಕಲ್ಲಲ್ಲಿ ವಿದೇಶಕ್ಕೆ ಹೊರಟಿದಾರಂತೆ? ನೀನೇನ್ ಮಾಡ್ತೀಯಯ್ಯಾ, ಹಿಂದೆ ಕೂತ್ಕೋತೀಯೋ, ಇಲ್ಲೇ ಕೂತು ಅಕ್ಕಿ ಆರಿಸ್ತೀಯೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಇಪ್ಪತ್ತೆರಡು ವರ್ಷ ಹೆಡ್‌ಮಾಸ್ಟರ್ ಆಗಿದ್ದವನು ನಾನು. ನನ್ನ ಚಪ್ಪಲಿ ಸದ್ದು ಕೇಳಿದರೆ ಇಡೀ ಕಾರಿಡಾರು ನಿಶ್ಶಬ್ದವಾಗುತ್ತಿತ್ತು. ಈಗ ಬೆಂಚಿನ ಮೇಲೆ ಕೂತವರ ನಗೆಪಾಟಲು.

ಮನೆಗೆ ಬಂದು ಗಾಡಿಯ ಚಕ್ರಕ್ಕೆ ಒದ್ದೆ. ಗಾಡಿಗೆ ಏನೂ ಆಗಲಿಲ್ಲ. ನನ್ನ ಹೆಬ್ಬೆರಳು ಊದಿದೆ.

ಫೆಬ್ರವರಿ ೧೬

ಅವಳಿಗೆ ಬುದ್ಧಿ ಹೇಳಲಿ ಎಂದು ಬಸವನಗುಡಿಗೆ ಮಗಳ ಮನೆಗೆ ಹೋದೆ. ಸುಪ್ರಜಾ ಚಪಾತಿ ಲಟ್ಟಿಸುತ್ತಲೇ ಕೇಳಿಸಿಕೊಂಡಳು.

"ಅಪ್ಪಾ, ಟಿಕೆಟ್ ಬುಕ್ ಮಾಡಿದ್ದೇ ನಾನು."

"ಅವಳಿಗೆ ವಯಸ್ಸೆಷ್ಟು ಗೊತ್ತಾ ನಿನಗೆ?"

"ಐವತ್ತೆಂಟು. ಎಂಟಲ್ಲ."

ಊಟ ಮಾಡಿ ಹೋಗಿ ಎಂದಳು. ಮಾಡಲಿಲ್ಲ. ಮೆಟ್ರೋದಲ್ಲಿ ನಿಂತುಕೊಂಡೇ ಬಂದೆ. ಒಬ್ಬ ಹುಡುಗಿ ಎದ್ದು ಸೀಟು ಕೊಟ್ಟಳು, ಬೇಡ ಎಂದೆ. ಈ ಹೆಂಗಸರ ಉಪಕಾರ ಇವತ್ತಿಗೆ ಸಾಕು.

ಫೆಬ್ರವರಿ ೨೩

ಮನೋಹರ್ ಎಂಬುವನು ಬಂದಿದ್ದ. ಸಾಮಾನು ಹಡಗಿಗೆ ಹಾಕಿಸುವ ಏಜೆಂಟು, ಚಿಕ್ಕಪೇಟೆಯಲ್ಲಿ ಆಫೀಸು. ನನ್ನ ಕುರ್ಚಿಯಲ್ಲೇ ಕೂತಿದ್ದ. ನಾನು ಪೇಪರು ಹಿಡಿದು ಎದುರಿಗೆ ಕೂತೆ.

"ಮೇಡಂ, ಬೇರೆಲ್ಲ ನನಗೆ ಬಿಡಿ. ಒಂದೇ ಒಂದು ನಿಮ್ಮ ಕೈಲಿರೋದು, ಕ್ಲೀನಿಂಗು. ಆ ದೇಶದೋರಿಗೆ ಹೊರಗಿನ ಮಣ್ಣು ಕಂಡ್ರೆ ಆಗಲ್ಲ. ಒಂದು ಚಿಟಿಕೆ ಮಣ್ಣು, ಒಂದು ಹುಲ್ಲಿನ ಬೀಜ, ಒಂದು ಸತ್ತ ಹುಳ ಸಿಕ್ಕಿದ್ರೂ ಗಾಡಿ ಹಿಡ್ಕೊಂಡ್ಬಿಡ್ತಾರೆ. ಅವರ ಹೊಲಕ್ಕೆ, ದನಕ್ಕೆ ರೋಗ ಬರುತ್ತೆ ಅಂತ ಭಯ."

"ಯಾಕೆ, ನಮ್ಮ ಮಣ್ಣು ಅಂದ್ರೆ ರೋಗವೋ?" ಎಂದೆ. ಎರಡು ವಾರದಲ್ಲಿ ಅವಳ ಎದುರು ನಾನು ಆಡಿದ ಮೊದಲ ಮಾತು. ಅವಳಿಗಲ್ಲ, ಅವನಿಗೆ.

"ಹಾಗಲ್ಲ ಸರ್, ಅವರ ಕಾನೂನು..."

"ಅವರು ಮುಂಚೆ ಬೇರೆಯವರ ದೇಶಕ್ಕೆ ನುಗ್ಗಿದಾಗ ಬೂಟು ತೊಳ್ಕೊಂಡು ಬಂದಿದ್ರೋ?"

ಮನೋಹರ್ ನಕ್ಕ. ಪ್ರಿಯಂವದೆ ನಗಲಿಲ್ಲ. "ಎಷ್ಟು ದಿನ ಇದೆ ಕ್ಲೀನ್ ಮಾಡೋಕ್ಕೆ?" ಎಂದು ಅವನನ್ನು ಕೇಳಿದಳು.

ಮಾರ್ಚ್ ೨

ಅವಳ ಮಡಿ ಶುರುವಾಗಿದೆ. ಗ್ಯಾರೇಜಿನಲ್ಲಿ ನೀರು ಹೊಡೆಸಿ ತಂದದ್ದು ಸಾಲದೆ, ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು, ನನ್ನ ಹಳೆಯ ಅಂಗಿ ತೊಟ್ಟು, ಹಲ್ಲುಜ್ಜುವ ಬ್ರಷ್ಷಿನಿಂದ ಚೈನಿನ ಒಂದೊಂದೇ ಕೊಂಡಿ ಉಜ್ಜುತ್ತಾಳೆ. ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಬೋಲ್ಟಿನ ಸಂದು ಒರೆಸುತ್ತಾಳೆ. ಮುಂದಿನ ಚಕ್ರ ಬಿಚ್ಚಿ ನಡುಮನೆಯಲ್ಲಿ ಪೇಪರಿನ ಮೇಲೆ ಮಲಗಿಸಿದ್ದಾಳೆ. ಇವತ್ತಿನ ಪೇಪರು, ನಾನಿನ್ನೂ ಓದಿರಲಿಲ್ಲ.

ರಸ್ತೆಯಲ್ಲಿ ಹೋಗುವವರೆಲ್ಲ ಗೇಟಿನ ಹತ್ತಿರ ನಿಲ್ಲುತ್ತಾರೆ. ಕೆಲವರು ಒಳಗೇ ಬರುತ್ತಾರೆ. ಹಾಲಿನವನು ಸಲಹೆ ಕೊಡುತ್ತಾನೆ.

"ಈ ಮನೆ ನೆಲಾನ ನೀನು ಇಷ್ಟು ಚೆನ್ನಾಗಿ ಒರೆಸಿದ್ದು ನಾನು ನೋಡಿಲ್ಲ" ಎಂದೆ.

ತಲೆ ಎತ್ತದೆ, "ನೆಲಾನ ನೀವೂ ಒರೆಸ್ಬಹುದು" ಎಂದಳು.

ಮಾರ್ಚ್ ೬

ಅವಳ ಸೊಂಟ ಹಿಡಿದುಕೊಂಡಿದೆ. ಹಿಡಿದುಕೊಳ್ಳದೆ ಏನು. ನೋವಿನ ಎಣ್ಣೆಯ ಸೀಸೆ ಎಲ್ಲಿದೆ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅದು ನನ್ನ ಮೇಜಿನ ಖಾನೆಯಲ್ಲೇ ಇತ್ತು.

ಮಾರ್ಚ್ ೯

ನಾಳಿದ್ದು ಗಾಡಿ ಪೆಟ್ಟಿಗೆಗೆ ಹೋಗುತ್ತದೆ. ಬೆಳಿಗ್ಗೆ ಅವಳು ಟಾರ್ಚು ಹಿಡಿದು ನನ್ನ ಬಳಿ ಬಂದಳು. ಇಷ್ಟು ದಿನದಲ್ಲಿ ಗಾಡಿಯ ಕೆಲಸಕ್ಕೆ ಅವಳಾಗಿ ಬಂದು ನನ್ನನ್ನು ಕೇಳಿದ್ದು ಇದೇ ಮೊದಲು.

"ಎಂಜಿನ್ ಕೆಳಗೆ ಕಲ್ಲು ಬಡೀದಿರೋ ಹಾಗೆ ಒಂದು ತಗಡು ಇದೆ. ಅದರದೊಂದು ಬೋಲ್ಟು ಹಿಡ್ಕೊಂಡು ತಿರುಗ್ತಿಲ್ಲ, ತಗಡು ಬಿಚ್ಚೋಕ್ಕಾಗ್ಲಿಲ್ಲ. ಒಳಗೆ ನೀರು ಹೊಡೆಸಿದೀನಿ. ಆದ್ರೂ ಮಲಗಿ ಒಂದ್ಸಲ ನೋಡ್ಬೇಕು. ನನಗೆ ಬಗ್ಗೋಕ್ಕಾಗ್ತಿಲ್ಲ. ನೋಡ್ತೀರಾ?"

ಗೋಣಿಚೀಲದ ಮೇಲೆ ಅಂಗಾತ ಮಲಗಿದೆ. ಅರವತ್ತನಾಲ್ಕರಲ್ಲಿ ಹೆಂಡತಿಯ ಮೋಟಾರ್‌ಸೈಕಲ್ಲಿನ ಹೊಟ್ಟೆಯ ಕೆಳಗೆ. ಗೇಟಿನ ಆಚೆ ಶೀನಣ್ಣನ ಕೆಮ್ಮು ಕೇಳಿಸಿತು. ನಿಂತು ನೋಡುತ್ತಿದ್ದ.

ಟಾರ್ಚು ಬಿಟ್ಟೆ. ತಗಡಿನ ಹಿಂದಿನ ಮಡಿಕೆಯಲ್ಲಿ, ಬೆರಳು ಹೋಗದಂಥ ಜಾಗದಲ್ಲಿ, ಅಂಗೈಯಗಲ ಕೆಂಪು ಮಣ್ಣು ಒಣಗಿ ಕೂತಿತ್ತು. ಅದರಲ್ಲಿ ಉತ್ತರಾಣಿಯ ಬೀಜಗಳು ಅಂಟಿಕೊಂಡಿದ್ದವು, ಪಂಚೆಗೆ ಹತ್ತಿದರೆ ಕಿತ್ತರೂ ಬಾರದ ಅದೇ ಮುಳ್ಳುಬೀಜ. ಒಂದು ಬಿದಿರುಕಡ್ಡಿ ತೂರಿಸಿ ಕೆರೆದಿದ್ದರೆ ಹತ್ತು ನಿಮಿಷದ ಕೆಲಸ.

"ಏನಾದ್ರೂ ಕಾಣ್ಸುತ್ತಾ?" ಎಂದಳು ಮೇಲಿನಿಂದ.

"ಏನಿಲ್ಲ" ಎಂದೆ.

ಹಾಗೆ ಹೇಳಬೇಕೆಂದು ಯೋಚಿಸಿರಲಿಲ್ಲ. ಬಾಯಿಗೆ ಬಂತು. ಬಂದ ಮೇಲೆ ಬದಲಿಸಲಿಲ್ಲ.

"ಸರಿಯಾಗಿ ನೋಡಿದ್ರಾ?"

"ಕಣ್ಣು ಕಾಣುತ್ತೆ ನನಗೆ."

ಎದ್ದು ಬೆನ್ನು ಕೊಡವಿಕೊಂಡೆ. ಅವಳು "ಥ್ಯಾಂಕ್ಸ್ ರೀ" ಎಂದಳು.

ಮಾರ್ಚ್ ೧೧

ಚಾಮರಾಜಪೇಟೆಗೆ ನಾನೂ ಹೋದೆ. ಆ ಗಾಡಿ ತೊಲಗುವುದನ್ನು ಕಣ್ಣಾರೆ ನೋಡಬೇಕಿತ್ತು.

ಈಶ್ವರನ ಶೆಡ್ಡಿನಲ್ಲಿ ಗಾಡಿಯನ್ನು ಮರದ ಹಲಗೆಯ ಮೇಲೆ ಹತ್ತಿಸಿ, ನಾಲ್ಕು ಕಡೆಯಿಂದ ಪಟ್ಟಿ ಬಿಗಿದರು. ಪೆಟ್ರೋಲು ಪೂರ್ತಿ ಇಳಿಸಿದ್ದರು, ಬ್ಯಾಟರಿಯ ತಂತಿ ಬಿಡಿಸಿದ್ದರು. ಸುತ್ತ ಹಲಗೆ ನಿಲ್ಲಿಸುವ ಮುಂಚೆ ಈಶ್ವರ್, "ಮೇಡಂ, ಕೆಳಗೆ ಇನ್ನೊಂದ್ಸಲ ನೋಡ್ಬಿಡ್ಲಾ?" ಎಂದ.

ನಾನು ಪಕ್ಕದ ಗೋಡೆಯ ಕಡೆ ನೋಡುತ್ತ ನಿಂತೆ.

"ಬೇಡ ಬಿಡಿ, ನಮ್ಮೆಜಮಾನ್ರು ನೋಡಿದಾರೆ" ಎಂದಳು ಪ್ರಿಯಂವದೆ. "ಮಕ್ಕಳ ನೋಟ್ಸಲ್ಲಿ ಒಂದು ಒತ್ತಕ್ಷರ ತಪ್ಪಿದ್ರೂ ಹಿಡೀತಿದ್ದೋರು. ಅವರ ಕಣ್ಣು ತಪ್ಪಿಸೋಕ್ಕಾಗಲ್ಲ."

ಮುಚ್ಚಳ ಹಾಕಿ ಮೊಳೆ ಹೊಡೆದರು.

ಮಾರ್ಚ್ ೧೫

ಅಂಗಳ ಖಾಲಿ ಇದೆ. ಬಿಸಿಲು ನೇರ ಬಾಗಿಲವರೆಗೆ ಬರುತ್ತದೆ. ಕುರ್ಚಿ ಹಾಕಿಕೊಂಡು ಕೂತೆ. ಆಚೆ ದಡದಲ್ಲಿ ಪೆಟ್ಟಿಗೆ ತೆರೆದಾಗ ಅವಳ ಮುಖ ಹೇಗಾಗಬಹುದು ಎಂದು ಯೋಚಿಸಿದೆ. ಅಧಿಕಾರಿಗಳು ಕೈಗವಸು ಹಾಕಿಕೊಂಡು ಆ ಮಣ್ಣನ್ನು ಎತ್ತಿ ತೋರಿಸಬೇಕು. ಇಷ್ಟು ವಿದ್ಯಾವಂತೆ, ಒಂದು ಗಾಡಿ ತೊಳೆಯಲು ಬರುವುದಿಲ್ಲವೇ ಎನ್ನಬೇಕು. ಒಂದೆರಡು ದಿನ ಅಲೆಯಬೇಕು. ಆಮೇಲೆ ಬಿಡಲಿ.

ಕಾಫಿ ಇವತ್ತು ಚೆನ್ನಾಗಿತ್ತು.

ಮಾರ್ಚ್ ೨೨

ಮನೋಹರ್ ಹಡಗು ಎಲ್ಲಿದೆ ಎಂದು ನೋಡುವ ಲಿಂಕು ಕಳಿಸಿದ್ದಾನೆ, ಅವಳಿಗೂ ನನಗೂ. ನನಗೇಕೆ ಕಳಿಸಿದ. ಸುಮ್ಮನೆ ಒತ್ತಿ ನೋಡಿದೆ. ಚೆನ್ನೈ ಬಿಟ್ಟು ಬಂಗಾಳ ಕೊಲ್ಲಿಯಲ್ಲಿದೆ. ಹಸಿರು ಬಾಣದ ಗುರುತು.

ಮಾರ್ಚ್ ೩೦, ಯುಗಾದಿ

ಸುಪ್ರಜಾ, ಅಳಿಯ ಊಟಕ್ಕೆ ಬಂದಿದ್ದರು. ಹೋಳಿಗೆ ಬಡಿಸುತ್ತ ಪ್ರಿಯಂವದೆ ಹಡಗಿನ ಕಥೆಯನ್ನೇ ಹೇಳುತ್ತಿದ್ದಳು. ಸೊಂಟದ ನೋವು ಹೋಗಿದೆ, ಮುಖದಲ್ಲಿ ಕಳೆ ಬಂದಿದೆ. ಅಳಿಯ ಕೇಳಿದ, "ಒಂದು ವೇಳೆ ಅಲ್ಲಿ ಮಣ್ಣು ಗಿಣ್ಣು ಸಿಕ್ಕಿದ್ರೆ ಏನ್ಮಾಡ್ತಾರೆ ಅತ್ತೆ?"

"ಹೋದ ವರ್ಷ ಪುಣೆಯವರೊಬ್ಬರದು ಹಾಗಾಯ್ತಂತೆ. ಕ್ಲೀನ್ ಮಾಡ್ಸಿ ಅಂತ ಆರ್ಡರ್ ಮಾಡಿದ್ರು, ಎರಡನೇ ಸಲ ನೋಡಿದಾಗ್ಲೂ ಬೀಜ ಸಿಕ್ತು. ಪೆಟ್ಟಿಗೆ ಸಮೇತ ವಾಪಸ್ ಕಳಿಸಿದ್ರಂತೆ. ಅವರು ಖಾಲಿ ಕೈಲಿ ವಾಪಸ್ ಬಂದ್ರು."

"ನಿಮ್ಮದು ಆಗಲ್ಲ ಬಿಡಿ" ಎಂದ ಅಳಿಯ.

"ನನ್ನದು ಆಗಲ್ಲ" ಎಂದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು. ಬೇಡ ಎನ್ನುವಷ್ಟರಲ್ಲಿ ತುಪ್ಪ ಬಿತ್ತು. ತಿನ್ನಲಾಗಲಿಲ್ಲ. ಎಲೆಯಲ್ಲಿ ಬಿಟ್ಟಿದ್ದಕ್ಕೆ, "ಹಬ್ಬದ ದಿನಾನೂ ಮುನಿಸು" ಎಂದು ಸುಪ್ರಜಾ ಗೊಣಗಿದಳು.

ಏಪ್ರಿಲ್ ೩

ಹಡಗು ಸಿಂಗಪುರದಲ್ಲಿದೆ. ಕಂಟೇನರುಗಳನ್ನು ಬೇರೆ ಹಡಗಿಗೆ ಬದಲಾಯಿಸುತ್ತಾರಂತೆ. ಮನೋಹರನಿಗೆ ಫೋನು ಮಾಡಿ, ಅಲ್ಲಿ ಪೆಟ್ಟಿಗೆ ತೆರೆದು ನೋಡಲು ಆಗುತ್ತದೆಯೇ ಎಂದು ವಿಚಾರಿಸಿದೆ.

"ಸೀಲ್ ಆಗಿದೆ ಸರ್, ಯಾರೂ ಮುಟ್ಟೋ ಹಾಗಿಲ್ಲ. ಯಾಕೆ ಸರ್?"

"ಸುಮ್ನೆ ಕೇಳ್ದೆ."

ಅಲೆಗಳ ಹೊಡೆತಕ್ಕೆ ಮಣ್ಣು ತಾನಾಗಿಯೇ ಉದುರಿರಬಹುದು. ಉದುರಿದರೆ ಪೆಟ್ಟಿಗೆಯ ತಳದಲ್ಲಿ ಬೀಳುತ್ತದೆ, ಅಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಇದನ್ನು ಯೋಚಿಸುತ್ತ ಬಿ.ಪಿ. ಮಾತ್ರೆ ಎರಡು ಸಲ ನುಂಗಿದೆ.

ಏಪ್ರಿಲ್ ೮

ಶೀನಣ್ಣನ ಜೊತೆ ಜಗಳ.

ಬೆಂಚಿನ ಮೇಲೆ ಕೂತು ಅವನ ಎಂದಿನ ಪ್ರವಚನ. "ಅಲ್ಲಿ ಪೆಟ್ಟಿಗೆ ತೆಗೆದು ಗಾಡಿ ಸ್ಟಾರ್ಟ್ ಮಾಡೋಕ್ಕಾಗ್ದೆ ಅಳ್ತಾ ಫೋನ್ ಮಾಡ್ತಾರೆ ನೋಡ್ತಿರು. ಈ ವಯಸ್ಸಿನ ಹೆಂಗಸರಿಗೆ ಇದೊಂದು ಹುಚ್ಚು. ಆ ಗಾಡಿ ಮಗುಚಿದ್ರೆ ಎತ್ತೋಕ್ಕಾಗುತ್ತೇನಯ್ಯ ಅವರ ಕೈಲಿ?"

"ಎತ್ತುತ್ತಾಳೆ" ಎಂದೆ.

"ಏನು?"

"ಸಾಮಾನು ಬಿಚ್ಚಿಟ್ಟು, ಗಾಡಿಗೆ ಬೆನ್ನು ಕೊಟ್ಟು, ಕಾಲಿನ ಬಲದಿಂದ ಎತ್ತುತ್ತಾಳೆ. ಅಂಗಳದಲ್ಲಿ ಅಭ್ಯಾಸ ಮಾಡೋದನ್ನ ನೋಡಿದೀನಿ. ನಿನಗೆ ನಿನ್ನ ಸ್ಕೂಟರ್ ಸ್ಟ್ಯಾಂಡ್ ಹಾಕೋಕ್ಕೆ ಬರಲ್ಲ, ಸೊಸೆ ಬಂದು ಹಾಕ್ತಾಳೆ. ಮುಚ್ಕೊಂಡು ಕೂತ್ಕೋ."

ಎಲ್ಲರ ಎದುರು ಅಂದುಬಿಟ್ಟೆ. ಅವನು ಎದ್ದು ಹೋದ. ಹೋಗಲಿ. ಮೂವತ್ತು ವರ್ಷ ಅವನ ಕೆಮ್ಮು ಕೇಳಿದ್ದು ಸಾಕು.

ಏಪ್ರಿಲ್ ೧೭

ಗಾಡಿ ಭೂಮಧ್ಯರೇಖೆ ದಾಟಿದೆ. ಇನ್ನು ಒಂದು ವಾರ.

ಏಪ್ರಿಲ್ ೨೪

ಹಡಗು ಇವತ್ತು ಬಂದರು ಮುಟ್ಟಿತು. ನಾಡಿದ್ದು ಅವಳ ವಿಮಾನ.

ಮಧ್ಯಾಹ್ನ ಅವಳು ಮಂಚದ ಮೇಲೆ ಸಾಮಾನು ಹರಡಿಕೊಂಡು ಕೂತಿದ್ದಳು. ನೀರಿನ ಚೀಲ, ಪಂಕ್ಚರ್ ಹಾಕುವ ಸಾಮಾನು, ಅವಲಕ್ಕಿ ಪುಡಿಯ ಪೊಟ್ಟಣ. ಪ್ರಾಣಕ್ಕೆ ಬಂದಾಗ ಒತ್ತಿದರೆ ಪೊಲೀಸರಿಗೆ ಸುದ್ದಿ ಮುಟ್ಟಿಸುವ ಹಳದಿ ಡಬ್ಬಿಯೊಂದು. ನಾನು ಬಾಗಿಲಲ್ಲಿ ನಿಂತೆ.

"ಪ್ರಿಯಂವದಾ, ಗಾಡಿ ಕೆಳಗೆ ಮಣ್ಣಿದೆ."

"ಯಾವ ಗಾಡಿ?"

"ನಿನ್ನದು. ತಗಡಿನ ಒಳಗೆ. ಅವತ್ತು ಟಾರ್ಚ್ ಹಾಕಿದಾಗ ನೋಡ್ದೆ."

ಅವಳು ಕೈಯಲ್ಲಿದ್ದ ಪೊಟ್ಟಣವನ್ನು ಕೆಳಗಿಟ್ಟಳು. "ನೋಡಿ, ಇಲ್ಲ ಅಂದ್ರಾ?"

"ಹೂಂ."

"ಎಷ್ಟಿತ್ತು?"

ಅಂಗೈ ತೋರಿಸಿದೆ.

"ಬೀಜ?"

"ಇತ್ತು. ಉತ್ತರಾಣಿ."

ಕೂಗುತ್ತಾಳೆ ಎಂದು ಕಾದೆ. ಅವಳು ಫೋನು ತೆಗೆದು ಮನೋಹರನಿಗೆ ಹಚ್ಚಿದಳು. "ಹೌದು, ಒಂದು ಕಡೆ ಉಳಿದಿದೆ. ಎಲ್ಲಿ ಅಂತ ಹೇಳ್ತೀನಿ, ಬರ್ಕೊಳ್ಳಿ. ಅವರು ನೋಡೋಕ್ಕೆ ಮುಂಚೆ ನಾವೇ ತಿಳಿಸ್ಬಿಡಿ" ಎಂದು ನಿಧಾನವಾಗಿ ವಿವರಿಸಿದಳು. ಯಾರ ತಪ್ಪು ಎಂದು ಅವನು ಕೇಳಿದನೋ ಏನೋ, "ನಾನೇ ನೋಡ್ಲಿಲ್ಲ" ಎಂದಳು.

ಫೋನಿಟ್ಟ ಮೇಲೆ ನನ್ನ ಕಡೆ ತಿರುಗಿದಳು.

"ಚುಚ್ಚಿ ಮಾತಾಡಿದ್ರಿ, ಸರಿ. ಮಾತು ಬಿಟ್ರಿ, ಸರಿ. ಅದೆಲ್ಲ ನನ್ನ ಮುಖದ ಮುಂದೆ ಮಾಡಿದ್ದು, ನಾನೂ ತಿರುಗಿ ಅಂದೆ. ಇದು ಹಾಗಲ್ಲ."

"ಈಗ ಹೇಳಿದ್ನಲ್ಲ."

"ಹೂಂ, ಹೇಳಿದ್ರಿ." ಸಾಮಾನನ್ನೆಲ್ಲ ಒಂದೊಂದಾಗಿ ಚೀಲಕ್ಕೆ ತುಂಬಿದಳು. "ಮರುಭೂಮೀಲಿ ಒಬ್ಬಳೇ ಹೋಗೋಕ್ಕೆ ನನಗೆ ಹೆದರಿಕೆ ಆಗಿರಲಿಲ್ಲ ರೀ. ಈ ಮನೇಲಿ ಇನ್ನೆರಡು ದಿನ ಇರೋಕ್ಕೆ ಆಗ್ತಿದೆ."

ಆಟೋ ಕರೆಸಿ ಬಸವನಗುಡಿಗೆ ಹೊರಟುಹೋದಳು. ಚೀಲ ಎತ್ತಿಕೊಡಲು ಹೋದೆ. ಬಿಡಿ ಎಂದಳು.

ಏಪ್ರಿಲ್ ೨೬

ಹೊರಟಳಂತೆ. ವಿಮಾನ ನಿಲ್ದಾಣಕ್ಕೆ ನನ್ನನ್ನು ಕರೆಯಲಿಲ್ಲ.

ಏಪ್ರಿಲ್ ೨೯

ಅಡುಗೆಯವಳನ್ನು ಗೊತ್ತು ಮಾಡಿಕೊಳ್ಳಿ ಎಂದು ಸುಪ್ರಜಾ ಮೆಸೇಜು. ಬೇಡ. ಅನ್ನ, ಸಾರು ಮಾಡಿಕೊಳ್ಳುತ್ತೇನೆ. ಸಾರು ನೀರಾಗಿತ್ತು.

ಮೇ ೨

ಸುಪ್ರಜಾ ಫೋನು ಮಾಡಿದಳು. ಈಗ ನನ್ನ ಜೊತೆ ಅವಳ ದನಿ ಕಚೇರಿಯ ದನಿ.

"ತಪಾಸಣೆ ಆಯ್ತಂತೆ. ನೀವು ಹೇಳಿದ ಜಾಗದಲ್ಲೇ ಸಿಕ್ತು. ಮೊದಲೇ ತಿಳಿಸಿದ್ದರಿಂದ ವಾಪಸ್ ಕಳಿಸಲ್ಲ, ಆದ್ರೆ ಅವರ ಯಾರ್ಡಲ್ಲೇ ಕ್ಲೀನ್ ಆಗ್ಬೇಕಂತೆ. ಅಮ್ಮ ತಾನೇ ಮಾಡ್ತೀನಿ ಅಂದಳಂತೆ, ಬಿಡ್ಲಿಲ್ಲ. ಸರದಿ ಬರೋಕ್ಕೆ ವಾರದ ಮೇಲಾಗುತ್ತೆ."

"ಒಂದು ಅಂಗೈ ಮಣ್ಣಿಗೆ ಒಂದು ವಾರವೇ? ಏನು ಮನುಷ್ಯರೋ ಅವರು! ಬ್ರಷ್ ಕೊಟ್ಟಿದ್ರೆ ಹತ್ತು ನಿಮಿಷದಲ್ಲಿ..."

"ಅಪ್ಪಾ."

"ಏನು?"

"ಆ ಹತ್ತು ನಿಮಿಷ ನಿಮ್ಮ ಹತ್ರ ಇತ್ತು."

ಫೋನಿಟ್ಟಳು.

ಮೇ ೧೧

ಗಾಡಿ ಬಿಟ್ಟರು. ಮನೆಯವರ ಗುಂಪಿಗೆ ಪ್ರಿಯಂವದೆಯ ಮೆಸೇಜು, ಒಂದೇ ಪದ: "ಹೊರಟೆ." ಹೆಬ್ಬೆರಳೆತ್ತಿ ತೋರಿಸುವ ಚಿಹ್ನೆಯನ್ನು ಎಲ್ಲರೂ ಹಾಕಿದರು. ನಾನು ಹಾಕಲೋ ಬೇಡವೋ ಎಂದು ಬಹಳ ಹೊತ್ತು ಕೂತಿದ್ದೆ. ಹಾಕಲಿಲ್ಲ.

ಅಟ್ಟದಿಂದ ಶಾಲೆಯ ಹಳೆಯ ಅಟ್ಲಾಸ್ ಇಳಿಸಿದೆ. ಅದರಲ್ಲಿ ಆ ರಸ್ತೆಯೇ ಇಲ್ಲ, ಬರೀ ಹಳದಿ ಬಣ್ಣ ಬಳಿದಿದ್ದಾರೆ. ಫೋನಿನಲ್ಲಿ ನೋಡಿಕೊಂಡು ಪೆನ್ಸಿಲ್ಲಿನಿಂದ ನಾನೇ ಎಳೆದೆ. ಬಂಕುಗಳು ಇರುವ ಕಡೆ ಚುಕ್ಕೆ ಇಟ್ಟೆ. ಎರಡನೇ ಚುಕ್ಕೆಗೂ ಮೂರನೆಯದಕ್ಕೂ ನಡುವೆ ಬಹಳ ದೂರ. ನಮ್ಮ ಗಾಡಿ ಒಂದು ಟ್ಯಾಂಕಿಗೆ ಅಷ್ಟು ಓಡುತ್ತದೆಯೇ? ಜೊತೆಗೆ ಡಬ್ಬಿಯಲ್ಲಿ ಪೆಟ್ರೋಲು ಇಟ್ಟುಕೊಂಡಿರಬೇಕು. ಇಟ್ಟುಕೊಂಡಿರುತ್ತಾಳೆ.

ಮೇ ೧೫

ಮೊದಲ ಬಂಕು ಮುಟ್ಟಿದ್ದಾಳೆ. ಅಲ್ಲಿ ವೈಫೈ ಇದೆ. ಫೋಟೋ ಹಾಕಿದ್ದಾಳೆ, ಗಾಡಿಯದು ಮಾತ್ರ. ಹಿಂದಿನ ಚಕ್ರದ ಗಾಳಿ ಕಡಿಮೆ ಇರುವ ಹಾಗೆ ಕಂಡಿತು. ಮಣ್ಣು ರಸ್ತೆಯಲ್ಲಿ ಹಾಗೇ ಇಳಿಸಿಕೊಳ್ಳಬೇಕಂತೆ, ಫೋನಿನಲ್ಲಿ ಹುಡುಕಿ ಓದಿದೆ.

ಮೇ ೧೮, ಭಾನುವಾರ

ಎರಡು ದಿನದಿಂದ ಸುದ್ದಿಯಿಲ್ಲ. ನಿನ್ನೆ ಮಧ್ಯಾಹ್ನವೇ ಎರಡನೇ ಬಂಕಿನಿಂದ ಮೆಸೇಜು ಬರಬೇಕಿತ್ತು.

ಸುಪ್ರಜಾ ಬೆಳಿಗ್ಗೆಯೇ ಬಂದಳು. ಒಳಗೆ ಬರುತ್ತಲೇ, "ಆ ಕಡೆ ಮಳೆ ಆಗಿದೆ. ಮಳೆ ಆದ್ರೆ ಆ ರಸ್ತೆ ಪೂರ್ತಿ ಕೆಸರು" ಎಂದಳು.

"ಮರುಭೂಮೀಲಿ ಮಳೆಯೇ?"

"ಅಪರೂಪಕ್ಕೆ ಬರುತ್ತೆ. ಸರಿಯಾದ ಟೈಮಿಗೆ ಹೊರಟಿದ್ರೆ ಇಷ್ಟೊತ್ತಿಗೆ ದಾಟಿರೋಳು. ನಿಮ್ಮಿಂದ ತಡ ಆಯ್ತು."

ಆ ಹಳದಿ ಡಬ್ಬಿ ಒತ್ತಿದ್ದರೆ ಪೊಲೀಸರು ಸುಪ್ರಜಾಳ ನಂಬರಿಗೆ ಫೋನು ಮಾಡುತ್ತಾರಂತೆ. ಮಾಡಿಲ್ಲ. ಒತ್ತಿಲ್ಲ ಎಂದರೆ ಚೆನ್ನಾಗಿದ್ದಾಳೆ ಎಂದು ನಾನು. ಒತ್ತುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಎಂದು ಅವಳು. ಆಮೇಲೆ ಅವಳು ಅಮ್ಮನ ಮಂಚದ ಮೇಲೆ ಫೋನು ಹಿಡಿದು ಕೂತಳು, ನಾನು ಅಂಗಳದಲ್ಲಿ.

ಶೀನಣ್ಣ ಗೇಟಿನ ಆಚೆ ನಿಂತು, "ಏನಾದ್ರೂ ಗೊತ್ತಾಯ್ತೇನೋ?" ಎಂದ. ಒಳಗೆ ಕರೆಯಲಿಲ್ಲ. ಅವನ ಮುಖದಲ್ಲಿ ನಗು ಇರಲಿಲ್ಲ. ಆದರೂ ಕರೆಯಲಿಲ್ಲ.

ಮೇ ೧೯

ಸುಪ್ರಜಾ ಆಫೀಸಿಗೆ ಹೋದಳು. ಹನ್ನೆರಡರ ಸುಮಾರಿಗೆ ನಡುಮನೆಯ ಲ್ಯಾಂಡ್‌ಲೈನು ಬಡಿದುಕೊಂಡಿತು. ಈಚೆಗೆ ಅದಕ್ಕೆ ಬ್ಯಾಂಕಿನವರು ಬಿಟ್ಟರೆ ಯಾರೂ ಮಾಡುವುದಿಲ್ಲ. ಎತ್ತಿದೆ.

"ಸುಪ್ರಜಾ ಇದಾಳಾ?"

ಪ್ರಿಯಂವದೆ. ರಿಸೀವರನ್ನು ಕಿವಿಗೆ ಒತ್ತಿಕೊಂಡೆ.

"ಆಫೀಸಿಗೆ ಹೋದಳು. ನೀನು..."

"ನನ್ನ ಮೊಬೈಲ್ ಒಡೆದುಹೋಗಿದೆ. ಇದು ಬಂಕಿನವರ ಫೋನು. ನನಗೆ ಬಾಯಿಗೆ ಬರೋ ನಂಬರ್ ಇದೊಂದೇ, ಅದಕ್ಕೇ ಮಾಡಿದೆ. ಬೇರೇನೂ ಅಂದ್ಕೋಬೇಡಿ."

"ಇಲ್ಲ."

"ಸುಪ್ರಜಾಗೆ ಹೇಳಿ. ಮಳೆ ಬಂದು ಕೆಸರಾಗಿತ್ತು, ಬಿದ್ದೆ. ಏನಾಗಿಲ್ಲ, ಮೊಣಕೈ ತರಚಿದೆ ಅಷ್ಟೆ. ರಸ್ತೆ ಒಣಗೋವರೆಗೂ ಅಲ್ಲೇ ಟೆಂಟ್ ಹಾಕ್ಕೊಂಡಿದ್ದೆ. ಈಗ ಬಂಕು ಮುಟ್ಟಿದೆ."

"ಗಾಡಿ?"

"ಗಾಡಿ ಚೆನ್ನಾಗಿದೆ. ಒಂದು ಕನ್ನಡಿ ಹೋಯ್ತು."

"ನೀರಿತ್ತಾ?"

"ಇತ್ತು."

ಫೋನಿಡುತ್ತಾಳೆ ಎಂದು ಭಯವಾಯಿತು. "ಮುಂದಿನ ರಸ್ತೆ ಹೇಗಿದೆಯಂತೆ?" ಎಂದೆ.

ಹೇಳಿದಳು. ಮುಂದಿನ ನೂರು ಕಿಲೋಮೀಟರು ರೊಟ್ಟಿ ಹಂಚಿನಷ್ಟು ಗಟ್ಟಿಯಂತೆ, ಅದಾದ ಮೇಲೆ ಮರಳು. ಮರಳಿನಲ್ಲಿ ಹೆದರಿ ನಿಧಾನಿಸಿದರೆ ಚಕ್ರ ಹೂತುಹೋಗುತ್ತದೆ, ನಿಂತುಕೊಂಡು ಓಡಿಸಬೇಕು. ಆಕಾಶ ಎಷ್ಟು ಅಗಲವೆಂದರೆ ಮಳೆ ಬರುವುದು ಒಂದು ಗಂಟೆ ಮುಂಚೆಯೇ ಕಾಣುತ್ತದೆ. ಒಂಟೆಗಳ ಗುಂಪೊಂದು ರಸ್ತೆಗೆ ಅಡ್ಡ ನಿಂತು ದಾರಿ ಬಿಡಲಿಲ್ಲವಂತೆ, ಎಂಜಿನ್ ಆರಿಸಿ ಕಾದಳಂತೆ. ಇದನ್ನು ಹೇಳುವಾಗ ದನಿಯಲ್ಲಿ ಏನೋ ಸಡಿಲಾಯಿತು. ನನಗೆ ಧೈರ್ಯ ಬಂತು.

"ಪ್ರಿಯಂವದಾ, ನೀನು ವಾಪಸ್ ಬಂದ ಮೇಲೆ..."

"ಅದನ್ನ ಕೇಳ್ಬೇಡಿ." ದನಿ ಮತ್ತೆ ಬಿಗಿಯಾಯಿತು. "ವಾಪಸ್ ಬಂದ್ಮೇಲೆ ಆ ಮನೇಲಿ ಇರ್ತೀನೋ ಇಲ್ವೋ ನನಗೇ ಗೊತ್ತಿಲ್ಲ. ಈ ರಸ್ತೆ ಮೇಲೆ ಅದನ್ನ ಯೋಚ್ನೆ ಮಾಡಲ್ಲ. ನಿಮ್ಮ ವಿಷಯಾನೂ ಮಾಡಲ್ಲ. ಮಾಡಿದ್ರೆ ಬೀಳ್ತೀನಿ. ಮೊನ್ನೆ ಬಿದ್ದಿದ್ದೂ ಹಾಗೇನೇ."

"ಸರಿ" ಎಂದೆ.

"ಸುಪ್ರಜಾಗೆ ಹೇಳೋದು ಮರೀಬೇಡಿ."

ಇಟ್ಟಳು.

ಸುಪ್ರಜಾಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಮೊಣಕೈ, ಕನ್ನಡಿ, ಮರಳು, ಒಂಟೆ. ಅವಳು ಅತ್ತಳು. ಬಿದ್ದದ್ದು ಹೇಗೆ ಎಂದು ಕೇಳಿದಳು. ಅದನ್ನೂ ಹೇಳಿದೆ, ಅವಳಮ್ಮ ಹೇಳಿದ ಹಾಗೆಯೇ.

ಅಟ್ಲಾಸ್ ಮುಂದಿದೆ. ಡಾಂಬರು ರಸ್ತೆ ಸಿಗುವವರೆಗೆ ಇನ್ನೂ ನಾನೂರು ಕಿಲೋಮೀಟರಿಗೂ ಮೇಲಿದೆ. ಅಷ್ಟು ದೂರ ಅವಳು ಕಲ್ಲು, ಮರಳು ನೋಡಿಕೊಂಡು ಓಡಿಸಲಿ. ನಾನು ಅವಳ ನೆನಪಿಗೆ ಬಾರದಿರಲಿ.